ಬ್ಲೆರಿಯೊ 11 ಮಾದರಿ: ಒಡಲು ತಿರುಚಿದರೆ, ತಂತಿ ಜೋತರೆ ತಪ್ಪು ಹುಡುಕುವ ಬಗೆ

ಬ್ಲೆರಿಯೊ 11 ವಿಮಾನದ ಒಡಲಿನ ಹಿಂಭಾಗಕ್ಕೆ ಬಟ್ಟೆಯ ಹೊದಿಕೆಯೇ ಇಲ್ಲ. ನಾಲ್ಕು ಉದ್ದನೆಯ ಮರದ ಕಡ್ಡಿ, ಅವುಗಳ ನಡುವೆ ನಿಲುವುಗಡ್ಡಿ, ಅಡ್ಡಗಡ್ಡಿ, ಮೂಲೆಯಿಂದ ಮೂಲೆಗೆ ಬಿಗಿದ ತಂತಿ, ಎಲ್ಲವೂ ಬಯಲಿಗೇ. 1909ರ ಜುಲೈ 25ರಂದು ಇದನ್ನು ಕಟ್ಟಿದ ಫ್ರಾನ್ಸಿನ ಲೂಯಿ ಬ್ಲೆರಿಯೊ ಇಂಗ್ಲಿಷ್ ಕಾಲುವೆ ದಾಟಿದ್ದು ಇಂಥ ಒಡಲಿನಲ್ಲಿ ಕೂತೇ. ಕಿಟ್‌ನ ಹಂಗಿಲ್ಲದೆ ಮರ, ಹಿತ್ತಾಳೆ, ಕಾಗದದಿಂದಲೇ ಮಾದರಿ ಕಟ್ಟುವವರಿಗೆ ಈ ವಿಮಾನ ಅಚ್ಚುಮೆಚ್ಚಾಗಿರುವುದು ಈ ಬಯಲುತನಕ್ಕೆ. ಕಷ್ಟ ಕೊಡುವುದೂ ಇದೇ ಕಾರಣಕ್ಕೆ. ತಪ್ಪಾದರೆ ಮರೆಮಾಡಲು ಒಂದು ಗೇಣು ಬಟ್ಟೆಯೂ ಇರುವುದಿಲ್ಲ.

ಇಲ್ಲಿನ ಅಳತೆಗಳೆಲ್ಲ 1:16 ಮಾದರಿಗೆ. ಅಸಲು ವಿಮಾನದ ರೆಕ್ಕೆಯ ಹರವು ಸುಮಾರು 7.8 ಮೀಟರ್, ಮಾದರಿಯಲ್ಲಿ 487 ಮಿ.ಮೀ. ಉದ್ದ ಸುಮಾರು 7.62 ಮೀಟರ್, ಮಾದರಿಯಲ್ಲಿ 476 ಮಿ.ಮೀ. ಬೇರೆ ಅಳತೆಯಲ್ಲಿ ಕಟ್ಟುತ್ತಿದ್ದರೆ ಅಂಕಿಗಳನ್ನು ಅದೇ ಲೆಕ್ಕದಲ್ಲಿ ಹಿಗ್ಗಿಸಿ, ಕುಗ್ಗಿಸಿ. ತಪ್ಪು ಹುಡುಕುವ ಕ್ರಮ ಮಾತ್ರ ಎಲ್ಲಕ್ಕೂ ಒಂದೇ.

ಮೊದಲೇ ಒಂದು ಮಾತು. ತಂತಿ ಸಡಿಲವಾಗಿ ಕಂಡ ಕೂಡಲೇ ಅದನ್ನು ಬಿಗಿಯಲು ಹೋಗಬೇಡಿ. ತಂತಿ ಕಟ್ಟಿದ ಒಡಲಿನಲ್ಲಿ ತಪ್ಪು ಒಂದು ಕಡೆ ಇರುತ್ತದೆ, ಕಣ್ಣಿಗೆ ಬೀಳುವುದು ಇನ್ನೊಂದು ಕಡೆ. ಸಡಿಲವಾದ ತಂತಿ ಸಾಮಾನ್ಯವಾಗಿ ತಾನೇನೂ ಮಾಡಿರುವುದಿಲ್ಲ. ಅದರ ಜೋಡಿ ತಂತಿ ಅತಿಯಾಗಿ ಎಳೆದಿರುತ್ತದೆ, ಇಲ್ಲವೇ ಪಕ್ಕದ ಅಂಕಣದಲ್ಲಿ (ಒಂದು ಸಾಲು ನಿಲುವುಗಡ್ಡಿಯಿಂದ ಮುಂದಿನ ಸಾಲಿನವರೆಗಿನ ಚೌಕಟ್ಟು) ಒಂದು ಕೀಲು ಕುಸಿದಿರುತ್ತದೆ. ಸಡಿಲವಾದದ್ದನ್ನು ಎಳೆದು ಕಟ್ಟಿದಿರೋ, ಆ ತಪ್ಪು ಒಡಲಿನ ಉದ್ದಕ್ಕೂ ಹಬ್ಬುತ್ತದೆ. ಆಮೇಲೆ ಮೂಲ ಯಾವುದೆಂದು ಹೇಳುವುದು ಯಾರಿಂದಲೂ ಆಗದು.

ಕೈ ಹಾಕುವ ಮೊದಲು ಅಳತೆ

ಬೇಕಾದದ್ದು ಹೆಚ್ಚೇನಿಲ್ಲ. 6 ಮಿ.ಮೀ. ದಪ್ಪದ ಗಾಜಿನ ಹಲಗೆ, ಮೂಲೆಮಟ್ಟ, ಎರಡು ಚೂಪು ಮುಳ್ಳಿನ ಡಿವೈಡರ್, 150 ಮಿ.ಮೀ. ಉದ್ದದ ಎರಡು ನೇರ ಅಲ್ಯೂಮಿನಿಯಂ ಪಟ್ಟಿ, ಭೂತಗನ್ನಡಿ, ಬರೆದಿಡಲು ಒಂದು ಪುಸ್ತಕ. ಮೇಜು ಸಮತಟ್ಟಾಗಿದೆ ಎಂದು ನಂಬಬೇಡಿ, ಗಾಜನ್ನು ನಂಬಿ.

ಒಡಲನ್ನು ಗಾಜಿನ ಮೇಲಿಡಿ. ಒಂದು ಪಟ್ಟಿಯನ್ನು ಮೂತಿಯ ಬಳಿ, ಇನ್ನೊಂದನ್ನು ಬಾಲದ ಬಳಿ ಮೇಲಿನ ಎರಡು ಉದ್ದಗಡ್ಡಿಗಳ ಮೇಲೆ ಅಡ್ಡಲಾಗಿ ಇರಿಸಿ. ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ಇಳಿಸಿ, ಮುಂದಿನ ಪಟ್ಟಿಯ ಅಂಚಿನ ಮೇಲಿಂದ ಹಿಂದಿನದನ್ನು ನೋಡಿ. ಎರಡೂ ಅಂಚುಗಳು ಒಂದಕ್ಕೊಂದು ಸಮಾನಾಂತರವಾಗಿ ಕಂಡರೆ ತಿರುಚು ಇಲ್ಲ. 150 ಮಿ.ಮೀ. ಪಟ್ಟಿಯ ಎರಡು ತುದಿಗಳ ಎತ್ತರದಲ್ಲಿ 2.6 ಮಿ.ಮೀ. ವ್ಯತ್ಯಾಸವಿದ್ದರೆ ಅದು ಒಂದು ಡಿಗ್ರಿ ತಿರುಚು. ಅರ್ಧ ಡಿಗ್ರಿ ಅಂದರೆ 1.3 ಮಿ.ಮೀ., ಇಷ್ಟು ಬರಿಗಣ್ಣಿಗೂ ಕಾಣುತ್ತದೆ. ಬಾಲದ ರೆಕ್ಕೆ ಕೂರಿಸಿದ ಮೇಲೆ ದೂರದಿಂದ ನೋಡುವವರಿಗೂ ಎದ್ದು ಕಾಣುವುದು ಇದೇ ಅರ್ಧ ಡಿಗ್ರಿ.

ಇನ್ನು ಪ್ರತಿ ಅಂಕಣದ ಎರಡು ಕರ್ಣಗಳನ್ನು ಡಿವೈಡರ್‌ನಿಂದ ಹೋಲಿಸಿ. 30 ಮಿ.ಮೀ. ಉದ್ದ, 25 ಮಿ.ಮೀ. ಎತ್ತರದ ಅಂಕಣ ಎಂದಿಟ್ಟುಕೊಳ್ಳಿ. ಚೌಕವಾಗಿದ್ದರೆ ಎರಡು ಕರ್ಣವೂ 39 ಮಿ.ಮೀ. ಅದು ಕೇವಲ ಅರ್ಧ ಮಿಲಿಮೀಟರ್ ಓರೆಯಾದರೆ ಒಂದು ಕರ್ಣ 39.4 ಆಗುತ್ತದೆ, ಇನ್ನೊಂದು 38.7ಕ್ಕೆ ಇಳಿಯುತ್ತದೆ. ಓರೆಗಿಂತ ಕರ್ಣಗಳ ವ್ಯತ್ಯಾಸವೇ ದೊಡ್ಡದಾಗಿ ಕಾಣುವುದರಿಂದ ಮೂಲೆಮಟ್ಟಕ್ಕಿಂತ ಡಿವೈಡರ್ ಮೇಲು. ಅಂಕಣಗಳಿಗೆ ಮೂತಿಯಿಂದ ಬಾಲದವರೆಗೆ 1, 2, 3 ಎಂದು ಸಂಖ್ಯೆ ಕೊಟ್ಟು, ನಾಲ್ಕು ಮುಖಗಳ ಅಳತೆಯನ್ನೂ ಬರೆದುಕೊಳ್ಳಿ. ಬರೆಯದೆ ನೆನಪಿನಲ್ಲಿಟ್ಟುಕೊಂಡ ಅಳತೆ ಮೂರನೇ ಅಂಕಣಕ್ಕೇ ಕೈಕೊಡುತ್ತದೆ.

ಒಡಲು ತಿರುಚಿಕೊಂಡಿದ್ದರೆ

ತಿರುಚು ಇದೆ ಎಂದು ಪಟ್ಟಿಗಳು ಹೇಳಿದ ಮೇಲೆ ಅದು ಎಲ್ಲಿ ಹುಟ್ಟಿತು ಎಂದು ಹುಡುಕಬೇಕು. ಮುಂದಿನ ಪಟ್ಟಿ ಇದ್ದಲ್ಲೇ ಇರಲಿ. ಹಿಂದಿನದನ್ನು ಒಂದೊಂದೇ ಅಂಕಣ ಮುಂದಕ್ಕೆ ಸರಿಸುತ್ತ, ಪ್ರತಿ ಸಲ ಎತ್ತರದ ವ್ಯತ್ಯಾಸ ಬರೆದುಕೊಳ್ಳಿ.

ವ್ಯತ್ಯಾಸ ಎಲ್ಲ ಅಂಕಣಗಳಲ್ಲೂ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂದರೆ ತಪ್ಪು ತಂತಿ ಕಟ್ಟಿದ ಕ್ರಮದಲ್ಲಿದೆ. ಯಾವುದೋ ಒಂದು ಅಂಕಣ ದಾಟಿದೊಡನೆ ವ್ಯತ್ಯಾಸ ತಟ್ಟನೆ ಮಾಯವಾದರೆ ತಪ್ಪು ಆ ಅಂಕಣದ ಮರದಲ್ಲಿ ಅಥವಾ ಕೀಲಿನಲ್ಲಿದೆ. ಈ ಎರಡನ್ನೂ ಬೇರ್ಪಡಿಸದೆ ದುರಸ್ತಿಗೆ ಇಳಿಯಬಾರದು, ಯಾಕೆಂದರೆ ಮದ್ದು ಎರಡಕ್ಕೂ ಬೇರೆ.

ಮೊದಲನೆಯದನ್ನು ನೋಡೋಣ. ಒಂದು ಅಂಕಣಕ್ಕೆ ನಾಲ್ಕು ಮುಖ, ಮುಖಕ್ಕೆ ಎರಡು ಕರ್ಣ, ಒಟ್ಟು ಎಂಟು ತಂತಿ. ಬಾಲದ ಹಿಂದೆ ನಿಂತು ಮೂತಿಯತ್ತ ನೋಡಿ. ಪ್ರತಿ ಮುಖದಲ್ಲೂ ಒಂದು ತಂತಿ ಮುಂದಿನಿಂದ ಹಿಂದಕ್ಕೆ ಬರುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ, ಇನ್ನೊಂದು ಅದಕ್ಕೆ ಎದುರು. ಒಡಲನ್ನು ಕೈಯಲ್ಲಿ ಹೊರಳಿಸುತ್ತ ಪ್ರತಿ ಮುಖದಲ್ಲೂ ಕೈಗೆ ಒಗ್ಗಿದ ಕರ್ಣವನ್ನೇ ಮೊದಲು ಕಟ್ಟಿದರೆ ಒಂದೇ ದಿಕ್ಕಿಗೆ ಸುತ್ತುವ ನಾಲ್ಕೂ ತಂತಿ ಮೊದಲು ಬಿಗಿಯಾಗುತ್ತವೆ. ಹಗ್ಗದ ಹುರಿಯಂತೆ ಅವು ಒಡಲನ್ನು ಸುತ್ತಿಕೊಂಡು ಎಳೆಯುತ್ತವೆ. ಆಮೇಲೆ ಕಟ್ಟುವ ನಾಲ್ಕು ತಂತಿಗಳು ಆಗಲೇ ತಿರುಚಿದ ಚೌಕಟ್ಟಿಗೆ ಅಳತೆಯಾಗಿ ಕೂತು, ಆ ತಿರುಚಿಗೆ ಬೀಗ ಹಾಕಿಬಿಡುತ್ತವೆ.

ಯಾವ ನಾಲ್ಕು ಅತಿಯಾಗಿ ಬಿಗಿದಿವೆ ಎಂದು ತಿಳಿಯುವುದು ಸುಲಭ. ಹಿಂದಿನಿಂದ ನೋಡಿದಾಗ ಬಾಲ ಗಡಿಯಾರದ ಎದುರು ದಿಕ್ಕಿಗೆ ತಿರುಗಿದ್ದರೆ, ಮುಂದಿನಿಂದ ಹಿಂದಕ್ಕೆ ಗಡಿಯಾರದ ದಿಕ್ಕಿಗೆ ಸುತ್ತಿ ಬರುವ ತಂತಿಗಳೇ ಎಳೆಯುತ್ತಿರುವುದು. ತಂತಿ ತನ್ನ ಹಿಂದಿನ ತುದಿಯನ್ನು ಮುಂದಿನ ತುದಿಯ ಕಡೆಗೆ ಸೆಳೆಯುತ್ತದೆ ಎಂಬುದನ್ನು ನೆನಪಿಟ್ಟರೆ ದಿಕ್ಕು ಗೊಂದಲವಾಗುವುದಿಲ್ಲ.

ಖಚಿತಪಡಿಸಿಕೊಳ್ಳಲು ನಡುವಿನ ಅಂಕಣದಲ್ಲಿ ಆ ಗುಂಪಿನ ಒಂದೇ ಒಂದು ತಂತಿಯನ್ನು ಕತ್ತರಿಸಿ, ಪಟ್ಟಿಗಳನ್ನು ಮತ್ತೆ ನೋಡಿ. ಹಿಂದಿನ ಪಟ್ಟಿ ಕೂಡಲೇ ಸ್ವಲ್ಪ ಮರಳಿದರೆ ರೋಗ ಗೊತ್ತಾಯಿತು. ಅದೇ ಗುಂಪಿನ ಉಳಿದ ತಂತಿಗಳನ್ನು ನಡುವಿನಿಂದ ಎರಡೂ ತುದಿಗಳತ್ತ ಕತ್ತರಿಸುತ್ತ ಹೋಗಿ. ಪಟ್ಟಿಗಳು ಸಮಾನಾಂತರವಾದಾಗ ನಿಲ್ಲಿಸಿ. ಎಂಟೂ ತಂತಿ ಬಿಚ್ಚಬೇಕಾಗಿ ಬರುವುದು ಅಪರೂಪ. ತಂತಿ ಕತ್ತರಿಸಿದರೂ ಪಟ್ಟಿ ಅಲ್ಲಾಡದಿದ್ದರೆ ಅಂಟು ಆ ಸ್ಥಿತಿಯಲ್ಲೇ ಗಟ್ಟಿಯಾಗಿದೆ ಎಂದರ್ಥ. ಇನ್ನು ತಂತಿ ಕತ್ತರಿಸಿ ಲಾಭವಿಲ್ಲ, ಕೀಲು ಬಿಡಿಸಬೇಕು. ಬಿಳಿ ಮರದಂಟಾದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಣ್ಣ ಕುಂಚದಿಂದ ಕೀಲಿಗೆ ಮುಟ್ಟಿಸಿ, 5ರಿಂದ 10 ನಿಮಿಷ ಬಿಟ್ಟು, ಮತ್ತೊಮ್ಮೆ ಮುಟ್ಟಿಸಿ. ಕೀಲು ಮೆತ್ತಗಾಗುತ್ತದೆ. ಸೂಪರ್ ಗ್ಲೂ ಆದರೆ ಅಸಿಟೋನ್ ಬೇಕು. ಅದು ಬಣ್ಣವನ್ನೂ ರೆಕ್ಕೆಯ ಡೋಪನ್ನೂ (ಹೊದಿಕೆಯನ್ನು ಬಿಗಿಗೊಳಿಸಲು ಸವರುವ ಲೇಪ) ಕರಗಿಸುತ್ತದೆ, ಹೊದಿಕೆ ಹಾಕಿದ ಭಾಗದ ಹತ್ತಿರಕ್ಕೂ ತರಬೇಡಿ.

ಮತ್ತೆ ಕಟ್ಟುವಾಗ ಕೈಯ ಅಂದಾಜನ್ನು ಬಿಟ್ಟು ತೂಕವನ್ನು ನೆಚ್ಚಿಕೊಳ್ಳಿ. ಒಡಲನ್ನು ಅಲುಗದಂತೆ ಹಿಡಿಯುವ ಒಂದು ತೊಟ್ಟಿಲಲ್ಲಿ ಕೂರಿಸಿ, ಒಂದು ಮುಖದ ಎರಡೂ ಕರ್ಣಗಳನ್ನು ಒಟ್ಟಿಗೆ ಪೋಣಿಸಿ, ಎರಡರ ತುದಿಗೂ 10 ಗ್ರಾಂನ ಒಂದೇ ತೂಕದ ಕ್ಲಿಪ್ ಇಳಿಬಿಡಿ. ಎರಡೂ ತೂಗುತ್ತಿರುವಾಗಲೇ ಎರಡಕ್ಕೂ ಅಂಟಿನ ಹನಿ ಹಾಕಿ. ಎಳೆತ ಎರಡು ಕಡೆಗೂ ಸಮವಾಗಿರುವುದರಿಂದ ಚೌಕಟ್ಟು ಯಾವ ಕಡೆಗೂ ವಾಲುವುದಿಲ್ಲ. ನಡುವಿನ ಅಂಕಣದಿಂದ ಆರಂಭಿಸಿ ಒಮ್ಮೆ ಮುಂದಿನದು, ಒಮ್ಮೆ ಹಿಂದಿನದು ಎಂದು ಬದಲಿಸುತ್ತ ಹೋಗಿ. ಎಡಮುಖವಾದ ಕೂಡಲೇ ಬಲಮುಖ, ಮೇಲುಮುಖವಾದ ಕೂಡಲೇ ಕೆಳಮುಖ. ಮೂರು ಅಂಕಣಕ್ಕೊಮ್ಮೆ ಪಟ್ಟಿ ಇಟ್ಟು ನೋಡಿ.

ಒಂದೇ ಅಂಕಣದಲ್ಲಿ ತಪ್ಪಿದ್ದರೆ

ಆ ಅಂಕಣದ ನಾಲ್ಕು ನಿಲುವುಗಡ್ಡಿಗಳ ಉದ್ದವನ್ನು ಅಳೆಯಿರಿ. ಎದುರುಬದುರಿನವು 0.1 ಮಿ.ಮೀ. ಒಳಗೆ ಹೊಂದಬೇಕು. ಉದ್ದ ಸರಿಯಿದ್ದರೆ ಭೂತಗನ್ನಡಿ ಹಿಡಿದು ಕೀಲನ್ನೇ ನೋಡಿ.

ಬ್ಲೆರಿಯೊ ಒಡಲಿನ ಕೀಲು ಯು ಆಕಾರಕ್ಕೆ ಬಗ್ಗಿಸಿದ ಬೋಲ್ಟ್. ಕಡ್ಡಿಯನ್ನು ಹಿಡಿಯುವುದೂ ಅದೇ, ತಂತಿಯ ತುದಿಗೆ ಆಸರೆಯೂ ಅದೇ. ಮಾದರಿಯಲ್ಲಿ ಇದನ್ನು 0.25 ಮಿ.ಮೀ. ಗಟ್ಟಿ ಹಿತ್ತಾಳೆ ತಂತಿಯಿಂದ ಮಾಡಿ, ಉದ್ದಗಡ್ಡಿಯಲ್ಲಿ 0.3 ಮಿ.ಮೀ. ತೂತಿಗೆ ಕೂರಿಸುತ್ತೇವೆ. ಯು ಬೋಲ್ಟಿನ ಎರಡು ಕಾಲುಗಳು ಮರದ ಒಂದೇ ಎಳೆಯ ಮೇಲೆ ಬಿದ್ದರೆ ಆ ಎಳೆ ಸೀಳುತ್ತದೆ. ಸೀಳು ಕೂದಲಿಗಿಂತ ಸಣ್ಣದು, ಒಣ ಮರದಲ್ಲಿ ಕಾಣುವುದೇ ಇಲ್ಲ. ಕೀಲಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಕಾಯಿರಿ. ಮೇಲ್ಮೈ ಬೇಗ ಒಣಗಿ ತಿಳಿಯಾಗುತ್ತದೆ, ಸೀಳಿನೊಳಗಿನ ತೇವ ಇನ್ನೂ ಕೆಲವು ಕ್ಷಣ ಉಳಿದು ಕಪ್ಪು ಗೆರೆಯಾಗಿ ಮೂಡುತ್ತದೆ. ಕೀಲು ಬಿಳಿ ಅಂಟಿನದಾದರೆ ಒಂದೇ ಸಲ ಸವರಿ, ಹೆಚ್ಚಾದರೆ ಅಂಟೂ ಬಿಡುತ್ತದೆ.

ಸೀಳು ಸಿಕ್ಕರೆ ನೀರಿನಂಥ ತೆಳು ಸೂಪರ್ ಗ್ಲೂವನ್ನು ತಂತಿಯ ಮೊನೆಯಿಂದ ಮುಟ್ಟಿಸಿ. ಅದು ತಾನಾಗಿ ಒಳಗಿಳಿಯುತ್ತದೆ. ಹತ್ತು ನಿಮಿಷ ಕ್ಲಿಪ್ ಹಾಕಿಡಿ. ಹಳೆಯ ತೂತನ್ನು ಮತ್ತೆ ಬಳಸದೆ, 0.8 ಮಿ.ಮೀ. ಆಚೆ, ಎಳೆಯ ಅಡ್ಡಕ್ಕೂ ಚೂರು ಸರಿಸಿ ಹೊಸ ತೂತು ಕೊರೆಯಿರಿ.

ಮರ ಸೀಳಿಲ್ಲ, ಆದರೆ ಬೋಲ್ಟಿನ ಕಾಲುಗಳೇ ಅಗಲಿವೆ ಎಂದಾದರೆ ತಂತಿ ಮೆತ್ತಗಾಗಿದೆ. ಹಿತ್ತಾಳೆ ತಂತಿಯನ್ನು ಬಗ್ಗಿಸಲು ಅನುಕೂಲವೆಂದು ಜ್ವಾಲೆಗೆ ಹಿಡಿದು ಕೆಂಪಗೆ ಕಾಯಿಸಿದ್ದರೆ ಅದರ ಸೆಟೆತ ಹೋಗಿರುತ್ತದೆ, ಆರಿದ ಮೇಲೂ ತಾನಾಗಿ ಮರಳುವುದಿಲ್ಲ. ಆ ಬೋಲ್ಟನ್ನು ತೆಗೆದುಹಾಕಿ, ಕಾಯಿಸದ ತಂತಿಯಿಂದ ಹೊಸದು ಮಾಡಿ.

ಒಡಲು ಬಿಲ್ಲಿನಂತೆ ಬಾಗಿದ್ದರೆ

ತಿರುಚಿಲ್ಲ, ಆದರೆ ಒಡಲು ಎಡಕ್ಕೋ ಬಲಕ್ಕೋ ಒಂದೇ ಸಮ ಬಾಗಿದೆ ಎಂದರೆ ನಾಲ್ಕು ಉದ್ದಗಡ್ಡಿಗಳ ಬಿರುಸು ಒಂದೇ ಅಲ್ಲ. ತಂತಿ ಎಳೆದಾಗ ಮೆತ್ತನೆಯ ಕಡ್ಡಿ ಹೆಚ್ಚು ಮಣಿಯುತ್ತದೆ. ಕಟ್ಟಿದ ಮೇಲೆ ಇದಕ್ಕೆ ಒಳ್ಳೆಯ ಮದ್ದಿಲ್ಲ. ಆ ಬದಿಯ ಕಡ್ಡಿ ಬದಲಿಸುವುದೊಂದೇ ದಾರಿ, ತಂತಿಯಿಂದ ನೇರಮಾಡಲು ಹೊರಟರೆ ತಿರುಚೂ ಸೇರಿಕೊಳ್ಳುತ್ತದೆ.

ಕಡ್ಡಿ ಆರಿಸುವಾಗಲೇ ಪರೀಕ್ಷಿಸಿ. 1.8 ಮಿ.ಮೀ. ಚೌಕದ ಬಾಸ್‌ವುಡ್ ಕಡ್ಡಿಯನ್ನು ಮೇಜಿನ ಅಂಚಿನಿಂದ 150 ಮಿ.ಮೀ. ಆಚೆ ಚಾಚಿ, ತುದಿಗೆ 5 ಗ್ರಾಂ ತೂಗುಹಾಕಿ. ತುದಿ ಸುಮಾರು 6 ಮಿ.ಮೀ. ಇಳಿಯುತ್ತದೆ. ನಾಲ್ಕು ಕಡ್ಡಿಗಳ ಇಳಿತ ಒಂದಕ್ಕೊಂದು 1 ಮಿ.ಮೀ. ಒಳಗಿರಬೇಕು. ಒಂದೇ ಹಲಗೆಯಿಂದ ಅಕ್ಕಪಕ್ಕದಲ್ಲೇ ಸೀಳಿದ ಕಡ್ಡಿಗಳು ಸಾಮಾನ್ಯವಾಗಿ ಹೊಂದುತ್ತವೆ. ಬೇರೆ ಬೇರೆ ಕಟ್ಟಿನಿಂದ ಆಯ್ದವು ಹೊಂದುವುದು ಕಡಿಮೆ.

ತಂತಿ ಜೋತಿದ್ದರೆ

ಜೋತ ತಂತಿ ಕಂಡಾಗ ಗಾಬರಿ ಬೇಡ ಎನ್ನಲು ಒಂದು ಲೆಕ್ಕ ಸಾಕು. 200 ಮಿ.ಮೀ. ಉದ್ದದ ತಂತಿ ಬರೀ 0.05 ಮಿ.ಮೀ. ಉದ್ದವಾದರೂ ನಡುವೆ ಸುಮಾರು 2 ಮಿ.ಮೀ. ಜೋಲುತ್ತದೆ. 39 ಮಿ.ಮೀ. ಕರ್ಣವಾದರೆ ಅಷ್ಟೇ ಹೆಚ್ಚಳಕ್ಕೆ 0.85 ಮಿ.ಮೀ. ಅಂದರೆ ತೆಳು ಕಾಗದದ ದಪ್ಪದಷ್ಟು ತಪ್ಪು ಕಣ್ಣಿಗೆ ದೊಡ್ಡ ಅವಘಡದಂತೆ ಕಾಣುತ್ತದೆ. ಹಾಗಾಗಿ ಎಷ್ಟು ಜೋತಿದೆ ಎಂಬುದರ ಬದಲು ಯಾವ ಯಾವ ತಂತಿ ಜೋತಿವೆ ಎಂದು ನೋಡಿ. ಸುಳಿವು ಸಿಗುವುದು ಅಲ್ಲೇ.

ಒಂದು ಮುಖದ ಎರಡು ಕರ್ಣಗಳಲ್ಲಿ ಒಂದು ಜೋತು, ಇನ್ನೊಂದು ಬಿಗಿಯಾಗಿದ್ದರೆ ಅಂಕಣ ಓರೆಯಾಗಿದೆ. ಡಿವೈಡರ್ ಇಟ್ಟರೆ ಬಿಗಿಯಾದ ಕರ್ಣ ಗಿಡ್ಡವಿರುವುದು ಕಾಣುತ್ತದೆ. ಆ ಬಿಗಿಯಾದದ್ದನ್ನು ಬಿಚ್ಚಿ, ಜೋತದ್ದು ತಾನಾಗಿ ನೆಟ್ಟಗಾಗುತ್ತದೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಜೋತದ್ದನ್ನು ಎಳೆದು ಬಿಗಿಯುತ್ತಾರೆ, ಎರಡೂ ಬಿಗಿಯಾಗುತ್ತವೆ, ಆ ಹೊರೆ ಪಕ್ಕದ ಅಂಕಣಕ್ಕೆ ದಾಟುತ್ತದೆ, ಮರುದಿನ ಅಲ್ಲೊಂದು ತಂತಿ ಜೋಲುತ್ತದೆ.

ಒಂದು ಅಂಕಣದ ಎರಡು ಕರ್ಣಗಳೂ ಜೋತು, ಅಕ್ಕಪಕ್ಕದವು ಸರಿಯಿದ್ದರೆ ನಿಲುವುಗಡ್ಡಿ ಗಿಡ್ಡವಾಗಿದೆ. ಮರ ತಾನಾಗಿ ಗಿಡ್ಡವಾಗುವುದಿಲ್ಲ, ಕಡ್ಡಿಯ ತುದಿ ಮೆತ್ತನೆಯ ಉದ್ದಗಡ್ಡಿಯೊಳಗೆ ಕುಸಿದಿರುತ್ತದೆ. ತೊಟ್ಟು ಅಂಟು ಹೀರಿಸಿ ಗಟ್ಟಿಮಾಡಿ, 0.1 ಮಿ.ಮೀ. ಕಾಗದದ ಚೂರನ್ನು ತುದಿಗೆ ಬೆಣೆಯಾಗಿ ಕೊಡಿ.

ಎಲ್ಲ ತಂತಿಗಳೂ ಒಟ್ಟಿಗೆ ಜೋತಿವೆ, ಬಿಸಿಲು ಬಂದ ದಿನ ಸರಿಹೋಗುತ್ತವೆ ಎಂದಾದರೆ ಚೌಕಟ್ಟಿನಲ್ಲಿ ತಪ್ಪೇನಿಲ್ಲ, ನೀವು ಬಳಸಿದ್ದು ನೈಲಾನ್. ನೈಲಾನ್ ಎಳೆ ಗಾಳಿಯ ತೇವ ಹೀರಿ ಉದ್ದವಾಗುತ್ತದೆ. ಮರವಾದರೋ ಎಳೆಯ ಉದ್ದಕ್ಕೆ ಹಿಗ್ಗುವುದೇ ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಈ ಹೊಂದಿಕೆಯಿಲ್ಲದ ಜೋಡಿಗೆ ಪರಿಹಾರ ಎಳೆ ಬದಲಿಸುವುದು. ಫ್ಲೋರೋಕಾರ್ಬನ್ ಎಳೆ ನೀರು ಹೀರುವುದಿಲ್ಲ ಎನ್ನಬಹುದು. ಅಸಲಿನಲ್ಲಿ 2 ಮಿ.ಮೀ. ಇದ್ದ ತಂತಿ 1:16ರಲ್ಲಿ 0.125 ಮಿ.ಮೀ. ಆಗುತ್ತದೆ, ಆ ದಪ್ಪದ ಫ್ಲೋರೋಕಾರ್ಬನ್ ಅಥವಾ ಉಕ್ಕಿನ ತಂತಿ ಎರಡೂ ಒಪ್ಪುತ್ತವೆ. ಬಯಲು ಒಡಲಿಗೆ ಉಕ್ಕೇ ಚಂದ, ಅದರ ಹೊಳಪು ಬೇರೆ ಯಾವುದಕ್ಕೂ ಬರದು. ಆದರೆ ಉಕ್ಕಿನ ತಂತಿ ದೀಪದ ಬಿಸಿಗೆ ಹಿಗ್ಗುತ್ತದೆ. 200 ಮಿ.ಮೀ. ಉದ್ದಕ್ಕೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.05 ಮಿ.ಮೀ. ಮೇಲಿನ ಲೆಕ್ಕ ನೆನಪಿದ್ದರೆ ಅದರ ಅರ್ಥ ಹೊಳೆಯುತ್ತದೆ. ಕೆಲಸದ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ರೆಕ್ಕೆಯ ಉದ್ದ ತಂತಿಗಳನ್ನು ಪರಿಶೀಲಿಸಿದರೆ ಇಲ್ಲದ ರೋಗ ಕಾಣುತ್ತದೆ. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ನೋಡಿ.

ಜೋತ ನೈಲಾನ್ ಎಳೆಗೆ ಬಿಸಿ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) 5 ಮಿ.ಮೀ. ದೂರದಲ್ಲಿ ಹಿಡಿದರೆ ಅದು ಮುದುಡಿ ಬಿಗಿಯಾಗುತ್ತದೆ. ಉಪಾಯ ನಿಜ, ಅಪಾಯವೂ ಅಷ್ಟೇ ನಿಜ. ಎಷ್ಟು ಮುದುಡುತ್ತದೆ ಎಂಬುದು ಕೈಯಲ್ಲಿಲ್ಲ. ಅಂಕಣ ಚೌಕವಾಗಿದೆ ಎಂದು ಡಿವೈಡರ್ ಖಚಿತಪಡಿಸಿದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ.

ದಿನ ಕಳೆದಂತೆ ಒಂದೇ ತಂತಿ ಮತ್ತೆ ಮತ್ತೆ ಸಡಿಲವಾದರೆ ಕುಣಿಕೆ ಜಾರುತ್ತಿದೆ. ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು) ಬದಲು ಬಳಸುವ 0.4 ಮಿ.ಮೀ. ಹಿತ್ತಾಳೆ ನಳಿಗೆಯೊಳಗೆ ಎಳೆ ಹೋಗಿ, ಬೋಲ್ಟನ್ನು ಬಳಸಿ, ಮತ್ತೆ ಅದೇ ನಳಿಗೆಯೊಳಗೆ ಮರಳಬೇಕು. ಅಂಟು ನಳಿಗೆಯ ಬಾಯಲ್ಲಷ್ಟೇ ನಿಂತಿದ್ದರೆ ಹಿಡಿತವಿಲ್ಲ. ನಳಿಗೆಯ ಒಳಗೆ ಎಣ್ಣೆಯಿದ್ದರೂ ಹಾಗೇ. ಕತ್ತರಿಸಿದ ನಳಿಗೆಗಳನ್ನು ಅಸಿಟೋನಿನಲ್ಲಿ ಅದ್ದಿ ಒಣಗಿಸಿ ಬಳಸಿ. ಅಂಟು ಬೇಗ ಗಟ್ಟಿಯಾಗಲೆಂದು ಸಿಂಪಡಿಸುವ ಆಕ್ಸಿಲರೇಟರ್ ಇಲ್ಲಿ ಬೇಡ, ಅಂಟು ಪೆಡಸಾಗಿ ಚಟಕ್ಕೆಂದು ಬಿಡುತ್ತದೆ. ಕೀಲಿನ ಸುತ್ತ ಬಿಳಿ ಬೂದಿ ಹಿಡಿದಂತೆ ಕಂಡರೆ ಅದು ಸೂಪರ್ ಗ್ಲೂ ಆವಿ ಕೂತದ್ದು. ಅಂಟು ಹೆಚ್ಚಾಗಿದೆ, ಗಾಳಿಯಾಡಿಲ್ಲ. ಮ್ಯಾಟ್ ವಾರ್ನಿಷ್ ತೆಳುವಾಗಿ ಸವರಿದರೆ ಮರೆಯಾಗುತ್ತದೆ.

ರೆಕ್ಕೆಯ ತುದಿ ಮೇಲೆದ್ದರೆ, ಹಿಂದೆ ಸರಿದರೆ

ಈ ವಿಮಾನದ ರೆಕ್ಕೆಯಲ್ಲಿ ಏಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿರುವ ತಿರುಗುಪಟ್ಟಿ) ಇಲ್ಲ. ಪೈಲಟ್ ಮುಂದಿನ ಕೋಲನ್ನು ಪಕ್ಕಕ್ಕೆ ವಾಲಿಸಿದಾಗ ಅದರ ಬುಡದ ಗಂಟೆಯಾಕಾರದ ಕ್ಲೋಶ್ ತಂತಿಗಳನ್ನು ಎಳೆದು ರೆಕ್ಕೆಯ ಹಿಂಭಾಗವನ್ನೇ ತಿರುಚುತ್ತಿತ್ತು. ಮಾದರಿಯಲ್ಲೂ ಆ ತಂತಿಗಳನ್ನು ನಿಜವಾಗಿ ಓಡುವಂತೆ ಕಟ್ಟಿದ್ದರೆ ಕೋಲು ಎರಡು ಡಿಗ್ರಿ ವಾಲಿದ್ದರೂ ಒಂದು ರೆಕ್ಕೆ ಇಳಿದು, ಇನ್ನೊಂದು ಏರಿ ನಿಲ್ಲುತ್ತದೆ. ರೆಕ್ಕೆ ಸೊಟ್ಟಗಿದೆ ಎಂದು ಬಿಚ್ಚುವ ಮೊದಲು ಕೋಲನ್ನು ನಡುವಿಗೆ ತಂದು ಮರದ ಬೆಣೆ ಕೊಟ್ಟು ನಿಲ್ಲಿಸಿ.

ಆಮೇಲೆ ಮೂರು ಅಳತೆ: ಎರಡೂ ತುದಿಗಳಲ್ಲಿ ಮುಂದಿನ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಓಡುವ ಮುಖ್ಯ ತೊಲೆ) ಗಾಜಿನಿಂದ ಎಷ್ಟು ಎತ್ತರ, ಹಿಂದಿನ ಸ್ಪಾರ್ ಎಷ್ಟು ಎತ್ತರ, ತುದಿಯಿಂದ ಬಾಲದ ಕಂಬಕ್ಕೆ ಎಷ್ಟು ದೂರ. ಮುಂದಿನದೂ ಹಿಂದಿನದೂ ಸಮನಾಗಿ ಮೇಲೆದ್ದಿದ್ದರೆ ರೆಕ್ಕೆ ಕೂರುವ ನಳಿಗೆಯ ತೂತು ಓರೆ. 210 ಮಿ.ಮೀ. ಉದ್ದದ ರೆಕ್ಕೆಗೆ ಬುಡದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ತುದಿಯಲ್ಲಿ 1.8 ಮಿ.ಮೀ. ಇದನ್ನು ತಂತಿಯಿಂದ ಎಳೆದು ಇಳಿಸಬೇಡಿ, ನಳಿಗೆಯ ತೂತನ್ನು ದುಂಡು ಅರದಿಂದ ಅಗಲಿಸಿ ಎಪಾಕ್ಸಿ ಅಂಟಿನಲ್ಲಿ ಮತ್ತೆ ಕೂರಿಸಿ. ಮುಂದಿನದು ಸರಿಯಿದ್ದು ಹಿಂದಿನದು ಮಾತ್ರ ತಪ್ಪಿದ್ದರೆ ರೆಕ್ಕೆ ತಿರುಚಿದೆ. ಕಾರಣ ಹಿಂದಿನ ತಂತಿ ಇಲ್ಲವೇ ಹೊದಿಕೆ. ಹಿಂದಿನ ತಂತಿ ಕಳಚಿದಾಗ ಸರಿಹೋದರೆ ತಂತಿ, ಹೋಗದಿದ್ದರೆ ಹೊದಿಕೆ. ಎತ್ತರ ಎರಡೂ ಸರಿಯಿದ್ದು ಬಾಲಕ್ಕಿರುವ ದೂರ 0.5 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ಬುಡದ ಪಕ್ಕೆಲುಬು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಒಡಲಿಗೆ ಚೌಕವಾಗಿ ಕೂತಿಲ್ಲ.

ಕೆಲವೊಮ್ಮೆ ತಂತಿಗೆ ಕೊನೆಯೇ ಸಿಗುವುದಿಲ್ಲ. ನಕ್ಷೆಯಲ್ಲಿ ಗೆರೆಯಿದೆ, ಮಾದರಿಯಲ್ಲಿ ಅದು ಸೇರುವ ಜಾಗವಿಲ್ಲ. ತಪ್ಪು ಕೈಯದಲ್ಲ, ಆಕರದ್ದು. ಕಾಲುವೆ ದಾಟಿದ ವಿಮಾನಕ್ಕಿದ್ದದ್ದು ಮೂರು ಸಿಲಿಂಡರಿನ ಅಂಜಾನಿ ಎಂಜಿನ್, ಬಾಲದ ಅಡ್ಡರೆಕ್ಕೆಯ ಎರಡು ತುದಿಗಳೇ ತಿರುಗುವ ಎಲಿವೇಟರ್ (ಮೂತಿಯನ್ನು ಏರಿಸುವ, ಇಳಿಸುವ ಭಾಗ). ಆಮೇಲೆ ಬಂದ ನೋಮ್ ಎಂಜಿನ್ನಿನ ಬ್ಲೆರಿಯೊಗಳಲ್ಲಿ ಹಲವು ವಿವರ ಬದಲಾದವು. ಎರಡರ ನಕ್ಷೆ ಬೆರೆತರೆ ತಂತಿಗಳು ಕೂಡುವುದಿಲ್ಲ. ಕಾಲುವೆ ದಾಟಿದ ವಿಮಾನವೇ ಪ್ಯಾರಿಸಿನ ಕಲೆ ಮತ್ತು ಕಸುಬುಗಳ ವಸ್ತುಸಂಗ್ರಹಾಲಯದಲ್ಲಿದೆ. ಆ ರೂಪವನ್ನು ಕಟ್ಟುತ್ತಿದ್ದರೆ ಅದರ ಚಿತ್ರಗಳೊಂದಿಗೇ ತಾಳೆ ನೋಡಿ.

ಹೊದಿಕೆ

ರೆಕ್ಕೆ ಮೇಲಕ್ಕೆ ಸುರುಳಿಗಟ್ಟಿದರೆ ಮೇಲ್ಮೈಗೆ ಡೋಪ್ ಮೊದಲು ಬಿದ್ದು, ಕೆಳಮೈಗೆ ದಿನ ಬಿಟ್ಟು ಬಿದ್ದಿದೆ. ಎರಡೂ ಮೈಗೆ ಒಂದೇ ಗಂಟೆಯೊಳಗೆ ಸವರಬೇಕು. ಡೋಪ್ ಅರ್ಧ, ತಿನ್ನರ್ ಅರ್ಧ. 30 ಮಿ.ಲೀ. ನೈಟ್ರೇಟ್ ಡೋಪಿಗೆ 4–5 ಹನಿ ಹರಳೆಣ್ಣೆ ಬೆರೆಸಿದರೆ ಎಳೆತ ತಗ್ಗುತ್ತದೆ. ರೆಕ್ಕೆಯನ್ನು 3 ಮಿ.ಮೀ. ಎತ್ತರದ ಪಟ್ಟಿಗಳ ಮೇಲಿರಿಸಿ, ತೂಕ ಹೇರಿ 48 ಗಂಟೆ ಬಿಡಿ. ಡೋಪ್ ಮುಟ್ಟಲು ಒಣಗಿದ ಮೇಲೂ ದಿನಗಟ್ಟಲೆ ಎಳೆಯುತ್ತಲೇ ಇರುತ್ತದೆ.

ಕೆಳಮೈಯ ಕಾಗದ ಪಕ್ಕೆಲುಬಿನಿಂದ ಬಿಟ್ಟು ನೇರವಾಗಿ ಚಾಚಿಕೊಂಡಿದ್ದರೆ, ಒಳಬಾಗಿನ ಮೈಗೆ ಅಂಚಿನಲ್ಲಷ್ಟೇ ಅಂಟು ಹಾಕಲಾಗಿದೆ. ಪ್ರತಿ ಪಕ್ಕೆಲುಬಿನ ಅಡಿಗೂ ಅಂಟು ಬೇಕು. ತುದಿಯ ಪಕ್ಕೆಲುಬು ಒಳಕ್ಕೆ ಬಾಗಿದ್ದರೆ ಅದರ ಮತ್ತು ಪಕ್ಕದ್ದರ ನಡುವೆ 0.8 ಮಿ.ಮೀ. ಕಡ್ಡಿಯನ್ನು ಓರೆಯಾಗಿ ಕೊಡಬೇಕಿತ್ತು. ಈಗ ಕಾಗದ ತೆಗೆಯದೆ ಬೇರೆ ದಾರಿಯಿಲ್ಲ. ಡೋಪ್ ಹಾಲಿನಂತೆ ಬೆಳ್ಳಗಾದರೆ ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಂಡಿದೆ, ಒಣ ಹವೆಯ ದಿನ ಬರೀ ತಿನ್ನರ್ ತೆಳುವಾಗಿ ಸವರಿ.

ಸಣ್ಣ ತಿರುಚು ಆವಿಗೆ ಬಗ್ಗುತ್ತದೆ. ಕೆಟಲಿನ ಆವಿಯಲ್ಲಿ ಹಿಡಿದು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಎದುರು ದಿಕ್ಕಿಗೆ ತಿರುಚಿ, ಆರುವವರೆಗೆ ಹಾಗೇ ಹಿಡಿಯಿರಿ.

ಬೆಸುಗೆ ಮತ್ತು ಚಕ್ರ

ರೆಕ್ಕೆಯ ತಂತಿಗಳೆಲ್ಲ ಸೇರುವ ಹಿತ್ತಾಳೆ ಕಂಬದಲ್ಲಿ ಒಂದು ಕೀಲು ಬೆಸೆಯುವಾಗ ಪಕ್ಕದ್ದು ಕಳಚಿದರೆ ಬಿಸಿ ಓಡಿದೆ. ಮೊದಲ ಕೀಲುಗಳಿಗೆ 221 ಡಿಗ್ರಿಗೆ ಕರಗುವ ತವರ–ಬೆಳ್ಳಿ ಬೆಸುಗೆ, ಆಮೇಲಿನವಕ್ಕೆ 183 ಡಿಗ್ರಿಯ ತವರ–ಸೀಸ ಬೆಸುಗೆ ಬಳಸಿ, ನಡುವೆ ಒದ್ದೆ ಕಾಗದ ಸುತ್ತಿ. ಬೆಸುಗೆ ಮಂಕಾಗಿ ಹರಳುಗಟ್ಟಿದಂತಿದ್ದರೆ ಆರುವಾಗ ಅಲುಗಾಡಿದೆ, ಮತ್ತೆ ಕಾಯಿಸಿ. ವಾರ ಕಳೆದು ಹಸಿರು ಕಿಲುಬು ಬಂದರೆ ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಸವರುವ ರಸ) ತೊಳೆದಿಲ್ಲ. ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಲ್ಲಿ ಉಜ್ಜಿ, ಬರೀ ನೀರಲ್ಲಿ ತೊಳೆಯಿರಿ. ಸೀಸ ಮುಟ್ಟಿದ ಕೈಯನ್ನೂ ತೊಳೆದುಕೊಳ್ಳಿ.

ಚಕ್ರ ಅಡ್ಡಕ್ಕೆ ಓಲಾಡಿದರೆ ಗುಂಬದ (ಹಬ್) ಒಂದು ಬದಿಯ ಸ್ಪೋಕ್‌ಗಳು ಹೆಚ್ಚು ಎಳೆದಿವೆ. ಸೈಕಲ್ ಚಕ್ರದ ಡೊಂಕು ತೆಗೆಯುವ ಹಾಗೆಯೇ, ರಿಮ್ ಯಾವ ಕಡೆಗೆ ವಾಲಿದೆಯೋ ಆ ಕಡೆಯ ಸ್ಪೋಕ್ ಸಡಿಲಿಸಬೇಕು. ಮೇಲೆ ಕೆಳಗೆ ಕುಣಿದರೆ ಗುಂಬ ನಡುವಿನಲ್ಲಿಲ್ಲ. ಪ್ರತಿ ನಾಲ್ಕನೆಯ ಸ್ಪೋಕನ್ನು ಮೊದಲು ಕಟ್ಟಿ, ತಿರುಗಿಸಿ ನೋಡಿ, ಆಮೇಲೆ ಉಳಿದವನ್ನು ತುಂಬಿ.

ಪೆಟ್ಟಿಗೆಯೊಳಗಿಟ್ಟ ಮೇಲೆ

ತಿಂಗಳುಗಳ ನಂತರ ಎಂಜಿನ್ನಿನ ಬಿಳಿಲೋಹದ ಭಾಗಗಳ ಮೇಲೆ ಹಿಟ್ಟಿನಂಥ ಬಿಳಿಪುಡಿ ಕಂಡರೆ ಅದನ್ನು ಧೂಳೆಂದು ಒರೆಸಿ ಸುಮ್ಮನಾಗಬೇಡಿ. ಸೀಸವಿರುವ ಎರಕ ಅಸಿಟಿಕ್ ಆಮ್ಲದ ಆವಿಗೆ ಸಿಕ್ಕಿ ಕೊಳೆಯುತ್ತಿದೆ. ಓಕ್ ಮರ, ಪ್ಲೈವುಡ್, ವಿನೆಗರ್ ವಾಸನೆಯ ಸಿಲಿಕೋನ್ ಸೀಲೆಂಟ್ ಇವೆಲ್ಲ ಆ ಆವಿಯನ್ನು ಬಿಡುತ್ತಲೇ ಇರುತ್ತವೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಕೂಡಿಕೊಳ್ಳುತ್ತದೆ. ಮಾದರಿಯನ್ನು ಹೊರಗೆ ತೆಗೆದು, ಪುಡಿಯನ್ನು ಒದ್ದೆ ಕುಂಚದಿಂದ ತೆಗೆಯಿರಿ. ಅದು ವಿಷ, ಊದಬೇಡಿ. ಕೊಳೆತ ಭಾಗವನ್ನು ಸೀಸವಿಲ್ಲದ ಲೋಹ ಅಥವಾ ರೆಸಿನ್‌ನಲ್ಲಿ ಮತ್ತೆ ಎರಕ ಹೊಯ್ಯಿರಿ. ಪೆಟ್ಟಿಗೆಯ ಅಡಿಹಲಗೆಯನ್ನು ಅಕ್ರಿಲಿಕ್‌ಗೆ ಬದಲಿಸಿ, ಹಿಂಬದಿಯಲ್ಲಿ ಎರಡು 6 ಮಿ.ಮೀ. ಗಾಳಿತೂತು ಕೊರೆಯಿರಿ. ಪೆಟ್ಟಿಗೆಯೊಳಗೆ ದೀಪವಿದ್ದರೆ ಅದನ್ನು ಹೊರಕ್ಕೆ ಸರಿಸಿ. ಅದರ ಬಿಸಿಗೆ ರೆಕ್ಕೆಯ ಉದ್ದ ತಂತಿಗಳು ಮತ್ತೆ ಜೋಲುತ್ತವೆ.